ಒಂದೇ ಹೊಡೆತದಲ್ಲಿ ಸೋಲುವವರು

ಹೋದ ತಿಂಗಳು ನಮ್ಮ ಕರಾವಳಿಯವರ ವಾಟ್ಸಾಪ್ ಗುಂಪಿನಲ್ಲಿ ನನ್ನ ಹಳೆಯ ಮ್ಯಾನೇಜರರ ಸಾವಿನ ಸುದ್ದಿ ಬಂತು. ಕೈಮುಗಿದ ಚಿತ್ರಗಳ ಸಾಲು ಮುಗಿದ ಮೇಲೆ ಯಾರೋ ಒಂದು ಶ್ರದ್ಧಾಂಜಲಿ ಬರೆದು ಹಾಕಿದರು. ಅದರಲ್ಲಿ ಅವರು 'ಸೌದಿ ಅರೇಬಿಯಾದ ಪ್ರಸಿದ್ಧ ಗಾಲ್ಫ್ ಆಟಗಾರರೂ' ಆಗಿದ್ದರು. ಓದಿ ನನಗೆ ನಗು ಬಂತು. ಸತ್ತವರ ವಿಷಯದಲ್ಲಿ ನಗಬಾರದು ಎಂದು ಫೋನು ಮಗುಚಿಟ್ಟೆ. ಮತ್ತೆ ತೆಗೆದು ಓದಿ, ಮತ್ತೆ ನಕ್ಕೆ. ಅವರು ಆಡುವುದನ್ನು ವರ್ಷಗಟ್ಟಲೆ, ಶುಕ್ರವಾರ ಶುಕ್ರವಾರ, ಪಕ್ಕದಲ್ಲೇ ನಿಂತು ನೋಡಿದವನು ನಾನು. ಪ್ರಸಿದ್ಧರು ಎನ್ನುವುದು ಸುಳ್ಳಲ್ಲ. ಆಟಗಾರರು ಹೌದೋ ಅಲ್ಲವೋ ಎನ್ನುವುದು ಮಾತ್ರ ನನ್ನ ಮಟ್ಟಿಗೆ ಇನ್ನೂ ತೀರ್ಮಾನವಾಗಿಲ್ಲ.

ಹೆಸರು ಬರೆಯುವುದಿಲ್ಲ. ಬರೆದರೆ ಅವರ ಹೆಂಡತಿ ನನ್ನನ್ನು ಬಿಡುವವರಲ್ಲ. ಅದೂ ಅಲ್ಲದೆ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಡೈರಿ ಬರೆಯುವ ಚಟವಿದೆ, ನಿಜ. ಆದರೆ ಡೈರಿ ಬರೆದವನಿಗೆ ಆ ದಿನ ಹೊಟ್ಟೆ ನೋಯುತ್ತಿದ್ದರೆ ಲೋಕವೆಲ್ಲ ಕೆಟ್ಟದಾಗಿ ದಾಖಲಾಗಿರುತ್ತದೆ. ಅವರ ಗಾಲ್ಫ್ ಚೆಂಡು ಕೆಂಪಾಗಿತ್ತು ಎಂದು ನಾನು ಹತ್ತಾರು ಜನರಿಗೆ ವರ್ಣಿಸಿದ್ದೇನೆ. ಮೊನ್ನೆ ಹಳೆಯ ಫೋಟೋ ಒಂದು ಸಿಕ್ಕಿತು. ಅದರಲ್ಲಿ ಚೆಂಡು ಹಳದಿ.

ದಮ್ಮಾಮಿನ ಒಂದು ಕಂಟ್ರಾಕ್ಟಿಂಗ್ ಕಂಪನಿಯಲ್ಲಿ ಅವರು ಖರೀದಿ ವಿಭಾಗದ ಮ್ಯಾನೇಜರ್. ನಾನು ಅವರ ಕೈಕೆಳಗಿನ ಎಸ್ಟಿಮೇಟರ್. ಅವರು ಶಿರ್ವದ ಕಡೆಯ ಕೊಂಕಣಿ ಕ್ರೈಸ್ತರು, ನಾನು ಭಟ್ಕಳದ ನವಾಯತ ಮುಸ್ಲಿಮ. ಅವರ ಕೊಂಕಣಿ ನನಗೆ ಅರ್ಧ ತಿಳಿಯುತ್ತಿತ್ತು, ನನ್ನ ನವಾಯತಿ ಅವರಿಗೆ ಅರ್ಧ. ಉಳಿದರ್ಧದಲ್ಲಿ ಜಗಳವಾಗದಿರಲಿ ಎಂದು ಕನ್ನಡ ಮಾತಾಡುತ್ತಿದ್ದೆವು. ನನ್ನ ಸಂಸಾರ ಊರಲ್ಲಿತ್ತು, ಶುಕ್ರವಾರ ಬೆಳಿಗ್ಗೆ ನನಗೆ ಬಟ್ಟೆ ಒಗೆಯುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಅದನ್ನು ಕಂಡುಹಿಡಿದ ದಿನವೇ ಅವರು ನನ್ನನ್ನು ತಮ್ಮ ಡ್ರೈವರ್, ಪ್ರೇಕ್ಷಕ ಮತ್ತು ಅಂಕ ಬರೆಯುವವನನ್ನಾಗಿ ನೇಮಿಸಿಕೊಂಡರು.

"ಇಲ್ಲಿ ಇಗರ್ಜಿ ಇಲ್ಲ ಮಾರಾಯ. ನನಗೆ ಇದೇ ಪೂಜೆ. ಜುಮಾಕ್ಕೆ ಮುಂಚೆ ನಿನ್ನನ್ನು ಮಸೀದಿಗೆ ತಲುಪಿಸುವ ಜವಾಬ್ದಾರಿ ನನ್ನದು, ಆಯ್ತಾ?" ಎಂದರು. ಕಾರು ಓಡಿಸುವವನು ನಾನು, ತಲುಪಿಸುವ ಪುಣ್ಯ ಅವರಿಗೆ.

ಗಾಲ್ಫ್ ಎಂದರೆ ಟಿವಿಯಲ್ಲಿ ಕಂಡ ಹಸಿರು ಹಾಸು ಎಂದುಕೊಂಡು ಹೋದವನಿಗೆ ಅಲ್ಲಿ ಒಂದು ಹುಲ್ಲುಕಡ್ಡಿಯೂ ಕಾಣಲಿಲ್ಲ. ಖತೀಫ್ ದಾಟಿ ಇನ್ನಷ್ಟು ಉತ್ತರಕ್ಕೆ, ಕಡಲಿಗೆ ತಾಗಿದ ಬಯಲು. ಮರಳು, ಉಪ್ಪು ಮೇಲೆದ್ದ ನೆಲ, ಮುಳ್ಳುಪೊದೆ, ಒಂಟೆ ಹೆಜ್ಜೆ. ಬೇರೆ ದೇಶಗಳಲ್ಲಿ 'ಗ್ರೀನ್' ಎನ್ನುವ, ಚೆಂಡನ್ನು ಮೆಲ್ಲಗೆ ತಳ್ಳಿ ಕುಳಿಗೆ ಬೀಳಿಸುವ ಜಾಗಕ್ಕೆ ಇಲ್ಲಿ 'ಬ್ರೌನ್' ಎಂದು ಹೆಸರು. ಎಣ್ಣೆ ಕಲಸಿ ತಟ್ಟಿದ ಮರಳು ಅದು, ಹತ್ತಿರ ಹೋದರೆ ಗ್ಯಾರೇಜಿನ ವಾಸನೆ. ಆಡಿ ಮುಗಿಸಿದವನು ಅಲ್ಲಿಟ್ಟಿರುವ ಹಲಗೆಯೊಂದನ್ನು ಎಳೆದು ತನ್ನ ಹೆಜ್ಜೆಗಳನ್ನು ತಾನೇ ಅಳಿಸಿ ಹೋಗಬೇಕು. ಹುಲ್ಲಿಲ್ಲದ ಕಾರಣ ಪ್ರತಿ ಆಟಗಾರನೂ ಒಂದು ತುಂಡು ಪ್ಲಾಸ್ಟಿಕ್ ಹುಲ್ಲಿನ ಚಾಪೆ ಹಿಡಿದುಕೊಂಡೇ ನಡೆಯುತ್ತಾನೆ. ಚೆಂಡು ಬಿದ್ದಲ್ಲಿ ಚಾಪೆ ಹಾಸಿ, ಅದರ ಮೇಲೆ ಚೆಂಡಿಟ್ಟು ಹೊಡೆಯುವುದು. ಅವರ ಚಾಪೆ ನನ್ನ ಕಂಕುಳಲ್ಲಿ ಇರುತ್ತಿತ್ತು. ಮೊದಲ ದಿನ ಗೇಟಿನ ಕಾವಲುಗಾರ ಅದನ್ನು ನಮಾಜಿನ ಚಾಪೆ ಎಂದುಕೊಂಡು ಮೆಕ್ಕಾದ ದಿಕ್ಕು, ಕಿಬ್ಲಾ, ಯಾವ ಕಡೆ ಎಂದು ನನಗೆ ತೋರಿಸಿಕೊಟ್ಟ.

ಅಂಥ ಜಾಗವನ್ನು ಅವರು 'ಲಿಂಕ್ಸ್' ಎನ್ನುತ್ತಿದ್ದರು. ಸ್ಕಾಟ್ಲೆಂಡಿನ ಕಡಲತೀರದಲ್ಲಿ ನೂರಾರು ವರ್ಷಗಳಿಂದ ಇರುವ, ಗಾಳಿಗೆ ಎದೆಯೊಡ್ಡಿ ಆಡುವ ಅತಿ ಕಠಿಣ ಬಯಲುಗಳಿಗೆ ಆ ಹೆಸರು.

"ಲಿಂಕ್ಸ್ ಅಂದ್ರೆ ಎಂತ ಗೊತ್ತುಂಟಾ? ಕಡಲಿಗೂ ಗದ್ದೆಗೂ ನಡುವಿನ ಯಾವುದಕ್ಕೂ ಬಾರದ ಜಾಗ. ನಮ್ಮಲ್ಲಿ ಅಲ್ಲಿ ಬಲೆ ಒಣಗಿಸ್ತಾರೆ. ಅವರಲ್ಲಿ ಗಾಲ್ಫ್ ಆಡ್ತಾರೆ. ಅಷ್ಟೇ ವ್ಯತ್ಯಾಸ."

ಈ ಮಾತು ಮಾತ್ರ ಅವರದ್ದೇ, ನನ್ನ ನೆನಪು ಸೇರಿಸಿದ್ದಲ್ಲ. ಇಷ್ಟು ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ವೇಷವೂ ಸ್ಕಾಟ್ಲೆಂಡಿನದೇ. ಉಣ್ಣೆಯ ಟೋಪಿ, ಚೌಕುಳಿ ಪ್ಯಾಂಟು, ಮೊಣಕಾಲಿನವರೆಗೆ ಕಾಲುಚೀಲ. ಹೊಡೆಯುವ ಮೊದಲು ಬೊಗಸೆ ಮರಳು ತೂರಿ ಗಾಳಿಯ ದಿಕ್ಕು ನೋಡುವರು. ಮರಳು ತಪ್ಪದೆ ನನ್ನ ಕಣ್ಣಿಗೇ ಬೀಳುತ್ತಿತ್ತು. "ನೋಡು, ಗಾಳಿ ನಿನ್ನ ಕಡೆಗುಂಟು" ಎಂದು ಅದನ್ನೇ ಸಾಕ್ಷಿ ಮಾಡಿಕೊಳ್ಳುವರು. ಉತ್ತರದ ಶಮಾಲ್ ಗಾಳಿ ಎದ್ದ ದಿನ ಅವರು ಹೊಡೆದ ಚೆಂಡು ಆಕಾಶದಲ್ಲಿ ಸ್ವಲ್ಪ ಯೋಚಿಸಿ ನಮ್ಮ ಕಡೆಗೇ ವಾಪಸ್ ಬಂದದ್ದೂ ಇದೆ. "ಇದೇ ಲಿಂಕ್ಸಿನ ಗುಣ" ಎಂದು ಅವರು ಅದನ್ನೂ ಮೆಚ್ಚಿಕೊಂಡರು.

"ನಾನು ಸ್ಕಾಟ್ಲೆಂಡಿನಲ್ಲಿದ್ದಾಗ" ಎಂದು ಶುರುವಾಗುವ ಅವರ ಕತೆಗಳಿಗೆ ಕೊನೆಯಿರಲಿಲ್ಲ. ಒಮ್ಮೆ ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಕತೆ ಅರ್ಧಕ್ಕೆ ಬಂದಿತ್ತು. ಅವರ ಹೆಂಡತಿ ನನ್ನ ತಟ್ಟೆಗೆ ಸನ್ನಣ ಹಾಕುತ್ತಾ ಹೇಳಿದರು: "ಇವರು ಅಲ್ಲಿಗೆ ಹೋದದ್ದು ಪಂಪು ನೋಡ್ಲಿಕ್ಕೆ. ದಾರಿಯಲ್ಲಿ ಬಸ್ಸು ಹಾಳಾಗಿ ನಿಂತಿತ್ತಂತೆ. ಗಾಲ್ಫ್ ನೋಡಿದ್ದು ಬೇಲಿಯ ಹೊರಗಿನಿಂದ."

"ಬೇಲಿಯ ಹೊರಗಿನಿಂದ ಚೆನ್ನಾಗಿ ಕಾಣ್ತದೆ" ಎಂದರು ಅವರು, ಸ್ವಲ್ಪವೂ ಅಲ್ಲಾಡದೆ.

ಅವರ ಪ್ರಸಿದ್ಧಿ ಇದರಿಂದ ಬಂದದ್ದಲ್ಲ. ಅವರು ಕಂಪನಿಯ ಜನರಲ್ ಮ್ಯಾನೇಜರುಗಳ ಜೊತೆ ಆಡುತ್ತಿದ್ದರು, ಪ್ರತಿಯೊಬ್ಬರಿಗೂ ಸೋಲುತ್ತಿದ್ದರು, ಅದೂ ಸರಿಯಾಗಿ ಒಂದೇ ಹೊಡೆತದಲ್ಲಿ. ಗಾಲ್ಫಿನಲ್ಲಿ ಕಡಿಮೆ ಹೊಡೆತದಲ್ಲಿ ಮುಗಿಸಿದವನು ಗೆದ್ದ. ಎದುರಿನವನು ಕೆಟ್ಟದಾಗಿ ಆಡಿದರೆ ಇವರು ಅವನಿಗಿಂತ ಕೂದಲೆಳೆಯಷ್ಟು ಕೆಟ್ಟದಾಗಿ ಆಡಬೇಕು, ಚೆನ್ನಾಗಿ ಆಡಿದರೆ ಬೆನ್ನ ಹಿಂದೆಯೇ ಓಡಬೇಕು. ಯೋಚಿಸಿದರೆ ಗೆಲ್ಲುವುದಕ್ಕಿಂತ ಕಷ್ಟದ ವಿದ್ಯೆ.

"ಸೋಲುದಾದ್ರೆ ಒಂದರಲ್ಲಿ ಸೋಲ್ಬೇಕು ಮಾರಾಯ" ಎಂದು ಕಾರಿನಲ್ಲಿ ಉಪದೇಶ. "ನಾಲ್ಕರಲ್ಲಿ ಸೋತ್ರೆ ಇವನಿಗೆ ಆಡ್ಲಿಕ್ಕೆ ಬರುದಿಲ್ಲ ಅಂತ ಮುಂದಿನ ವಾರ ಕರೆಯುದಿಲ್ಲ. ಗೆದ್ರೆ ಕರೆಯುವ ಪ್ರಶ್ನೆಯೇ ಇಲ್ಲ."

"ಹಾಗಾದ್ರೆ ನೀವು ನಿಜವಾಗಿ ಹೇಗೆ ಆಡ್ತೀರಿ ಸರ್?"

"ಎಂತ ನಿಜವಾಗಿ?" ಎಂದು ನನ್ನನ್ನು ನೋಡಿದರು. ನಾನು ತಮಾಷೆಗೆ ಕೇಳಿದ್ದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಿರಲಿಲ್ಲ.

ಆಫೀಸಿನಲ್ಲೂ ಅದೇ ಕೈಚಳಕ. ಮೂರು ಕಡೆಯಿಂದ ಕೊಟೇಶನ್ ತರಿಸುವುದು, ಸಾಹೇಬರ ಮನಸ್ಸಿನಲ್ಲಿರುವ ಕಂಪನಿ ಉಳಿದೆರಡನ್ನು ಸ್ವಲ್ಪದರಲ್ಲಿ ಸೋಲಿಸುವಂತೆ ಶರತ್ತು ಹೊಂದಿಸುವುದು. ಸಾಹೇಬರ ಮನಸ್ಸಿನಲ್ಲಿ ಏನಿದೆ ಎಂದು ಅವರು ಯಾವತ್ತೂ ಬಾಯಿಬಿಟ್ಟು ಕೇಳಿದವರಲ್ಲ. ಅದು ಅವರಿಗೆ ಗೊತ್ತಾಗುತ್ತಿತ್ತು, ನಮ್ಮ ಕಡೆಯ ಹಳೆಯ ಮೀನುಗಾರರಿಗೆ ನೀರಿನ ಬಣ್ಣದಲ್ಲೇ ಬೂತಾಯಿ ಗೊತ್ತಾಗುವ ಹಾಗೆ.

ಆದರೆ ಮನೆಯಲ್ಲಿ ಅವರು ಬೇರೆಯೇ ಮನುಷ್ಯ. ಕೇರಂ ಬೋರ್ಡಿನ ಮುಂದೆ ಹೆಂಡತಿಗೂ ಮಗಳಿಗೂ ಒಂದು ಕಾಯಿ ಬಿಟ್ಟುಕೊಡುತ್ತಿರಲಿಲ್ಲ. ಗೆದ್ದರೆ ಮೇಜು ಕುಟ್ಟಿ ನಗುವರು, ಸೋಲುವ ಹಾಗಾದರೆ ಪೌಡರ್ ಸಾಲದು ಎಂದು ಬೋರ್ಡು ಒರೆಸಲು ಏಳುವರು. "ಹೊರಗೆ ಇವರದ್ದು ಭಾರೀ ದೊಡ್ಡ ಮನಸ್ಸು. ಮನೆಯೊಳಗೆ ಮಾತ್ರ ದುರ್ಯೋಧನ" ಎಂದರು ಅವರ ಹೆಂಡತಿ. ತಡವಾಗಿ ಹುಟ್ಟಿದ ಒಬ್ಬಳೇ ಮಗಳು ಇಂಡಿಯನ್ ಸ್ಕೂಲಿನಲ್ಲಿ ಹನ್ನೊಂದನೇ ಕ್ಲಾಸು. ಅಪ್ಪನ ಮಾತಿಗೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು.

ಇಷ್ಟರಲ್ಲಿ ಕಾಲ ಬದಲಾಯಿತು. ಪ್ರತಿ ಕಂಪನಿಯಲ್ಲೂ ಇಷ್ಟು ಮಂದಿ ಸೌದಿಗಳು ಇರಲೇಬೇಕು ಎಂದು ಸರಕಾರ ಬಿಗಿ ಮಾಡಿತು. ಬಿಳಿಯ ಜನರಲ್ ಮ್ಯಾನೇಜರ್ ಊರಿಗೆ ಹೋದರು. ಮಾಲೀಕರ ಮಗ, ಅಮೆರಿಕದಲ್ಲಿ ಓದಿ ಬಂದವರು, ಇನ್ನೂ ಮೂವತ್ತರ ಆಸುಪಾಸು, ಡೈರೆಕ್ಟರಾಗಿ ಬಂದು ಕೂತರು. ಅರವತ್ತು ತುಂಬಿದ ವಿದೇಶಿಗಳ ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿ, ಮುಂದುವರಿಯಬೇಕಾದರೆ ಡೈರೆಕ್ಟರ್ ಖುದ್ದಾಗಿ ಸಹಿ ಹಾಕಬೇಕು ಎಂದು ನಿಯಮವಾಯಿತು. ನಮ್ಮವರಿಗೆ ಆ ವರ್ಷ ಅರವತ್ತು. ಇಕಾಮಾ ಹೋದರೆ ಹೆಂಡತಿ ಮಗಳೂ ಹೊರಡಬೇಕು. ಹನ್ನೊಂದು ಇಲ್ಲಿ ಓದಿ ಹನ್ನೆರಡಕ್ಕೆ ಊರಿನ ಶಾಲೆಗೆ ಸೇರಿಸುವುದೆಂದರೆ ಯಾರೂ ಬಾಗಿಲು ತೆರೆಯುವುದಿಲ್ಲ, ಹುಡುಗಿಯ ಒಂದು ವರ್ಷ ಹಾಳು. ಅವರಿಗೆ ಬೇಕಿದ್ದದ್ದು ಒಂದೇ ಒಂದು ವರ್ಷ.

ಹೊಸ ಡೈರೆಕ್ಟರಿಗೆ ಗಾಲ್ಫ್ ಹುಚ್ಚಿದೆ ಎಂದು ತಿಳಿದ ದಿನ ಅವರು ಇಡೀ ವಿಭಾಗಕ್ಕೆ ಸಮೋಸ ತರಿಸಿದರು.

ಒಂದು ಬುಧವಾರ ಡೈರೆಕ್ಟರ್ ನಮ್ಮವರನ್ನು ಕರೆಸಿದರು. ಯಾವುದೋ ಫೈಲು ಹಿಡಿದು ನಾನೂ ಹಿಂದೆ ನಿಂತಿದ್ದೆ. ಡೈರೆಕ್ಟರ್ ನಮ್ಮವರನ್ನು 'ಯಾ ಅಮ್ಮ್' ಎನ್ನುತ್ತಿದ್ದರು, ಅಂದರೆ ಚಿಕ್ಕಪ್ಪ. ಮಾತು ಇಂಗ್ಲಿಷಿನಲ್ಲಿ ನಡೆಯಿತು, ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪದ ಹೆಚ್ಚುಕಮ್ಮಿ ಆಗಿರಬಹುದು, ಅರ್ಥ ಇದೇ.

"ಯಾ ಅಮ್ಮ್, ನೀವು ಎಲ್ಲ ಬಾಸುಗಳಿಗೂ ಒಂದೇ ಹೊಡೆತದಲ್ಲಿ ಸೋಲುತ್ತೀರಂತೆ. ಹಿಂದಿನವರು ಹೋಗುವಾಗ ಇದನ್ನು ಹೇಳಿ ನಕ್ಕರು."

ನಮ್ಮವರ ಕಿವಿ ಕೆಂಪಾಯಿತು.

"ಈ ಕಂಪನಿಯಲ್ಲಿ ಎಲ್ಲರೂ ನನಗೆ ಸೋಲುತ್ತಾರೆ. ಖರೀದಿ ವಿಭಾಗದಲ್ಲಿ ನನಗೇ 'ಇಲ್ಲ' ಎನ್ನಬಲ್ಲ ಒಬ್ಬ ಮನುಷ್ಯ ಬೇಕು. ಶುಕ್ರವಾರ ಬನ್ನಿ. ನನ್ನನ್ನು ಸೋಲಿಸಿ. ಆಮೇಲೆ ನಿಮ್ಮ ಕಾಗದದ ವಿಷಯ ಮಾತಾಡೋಣ."

ಬೇರೆ ಯಾರಾದರೂ ಆಗಿದ್ದರೆ ಇದರಲ್ಲಿ ಅರ್ಥವಾಗದ್ದು ಏನೂ ಇರಲಿಲ್ಲ. ಆದರೆ ನಮ್ಮವರು ಮೂವತ್ತು ವರ್ಷ ಗಲ್ಫಿನಲ್ಲಿ ಬಾಸುಗಳ ಮಾತಿನ ಹಿಂದಿನ ಮಾತನ್ನು ಓದಿ ಬದುಕಿದವರು. ಬಾಯಿಯಿಂದ ಬಂದ ಮಾತನ್ನು ಹಾಗೇ ನಂಬುವುದು ಹೊಸದಾಗಿ ವಿಮಾನ ಇಳಿದವನ ಲಕ್ಷಣ ಎಂಬುದು ಅವರ ಸಿದ್ಧಾಂತ. ಗುರುವಾರವಿಡೀ ಆಫೀಸಿನಲ್ಲಿ ಒಂದು ಪರ್ಚೇಸ್ ಆರ್ಡರಿಗೂ ಸಹಿ ಹಾಕಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವರ ಹೆಂಡತಿ ಲಿಫ್ಟಿನವರೆಗೆ ಬಂದರು. "ಗೆಲ್ಲಿ ಅಂತ ಅವರೇ ಬಾಯಿಬಿಟ್ಟು ಹೇಳಿದ್ದಾರಲ್ಲ. ನಿಮ್ಮ ಬುದ್ಧಿ ಉಪಯೋಗಿಸ್ಲಿಕ್ಕೆ ಹೋಗ್ಬೇಡಿ. ಗೆದ್ದು ಬನ್ನಿ, ಅಷ್ಟೇ."

ಕಾರು ಖತೀಫ್ ದಾಟಿದ ಮೇಲೆ ಅವರು ಹೇಳಿದರು: "ಗೆಲ್ಲು ಅಂತ ಹೇಳುವ ಬಾಸನ್ನು ನಾನು ತುಂಬ ನೋಡಿದ್ದೇನೆ. ಗೆದ್ದು ಉಳಿದವರನ್ನು ನೋಡ್ಲಿಲ್ಲ."

"ಇವರು ಬೇರೆ ಥರ ಕಾಣ್ತಾರೆ ಸರ್. ಅಮೆರಿಕದಲ್ಲಿ ಓದಿದವರು."

"ಅಮೆರಿಕದಲ್ಲಿ ಬಾಸುಗಳು ಇಲ್ವಾ?"

"ಹಾಗಾದ್ರೆ ಸೋಲ್ತೀರಾ?"

"ನೀನು ಕಾರು ನೋಡಿ ಓಡಿಸು."

ಆ ದಿನ ಗಾಳಿ ಹೆಚ್ಚಿತ್ತು ಎಂದು ನನ್ನ ನೆನಪು ಹೇಳುತ್ತದೆ. ಆದರೆ ನೆನಪಿಗೆ ಇಂಥ ದಿನಗಳಲ್ಲಿ ಗಾಳಿ ಎಬ್ಬಿಸುವ ಅಭ್ಯಾಸವಿದೆ. ಡೈರೆಕ್ಟರ್ ಚೆನ್ನಾಗಿಯೇ ಆಡುತ್ತಿದ್ದರು, ಯೌವನದ ಹೊಡೆತ. ನಮ್ಮವರು ಎಂದಿನಂತೆ ಹಿಂದೆಯೂ ಬೀಳದೆ ಮುಂದೆಯೂ ಹೋಗದೆ, ಮದುವೆ ಮನೆಯಲ್ಲಿ ದೊಡ್ಡವರ ಪಂಕ್ತಿ ಏಳುವವರೆಗೆ ಎಲೆಯ ಮುಂದೆ ಕೈ ತೊಳೆಯದೆ ಕೂತವರ ಹಾಗೆ ಆಡಿದರು. ಚಾಪೆ ಹಾಸುತ್ತಾ ಹಾಸುತ್ತಾ ನಾನು ಅವರ ಮುಖ ನೋಡುತ್ತಿದ್ದೆ. ಏನು ನಿರ್ಧಾರ ಮಾಡಿದ್ದಾರೆ ಎಂದು ತಿಳಿಯುತ್ತಿರಲಿಲ್ಲ. ಅವರಿಗೂ ತಿಳಿದಿರಲಿಲ್ಲ ಎಂದು ಈಗ ಅನಿಸುತ್ತದೆ.

ಕೊನೆಯ ಕುಳಿ ಕಡಲ ಬದಿಯದು. ಅಲ್ಲಿಗೆ ಬರುವಾಗ ಇಬ್ಬರದ್ದೂ ಹೊಡೆತ ಸಮ. ಡೈರೆಕ್ಟರ್ ಹೊಡೆದ ಚೆಂಡನ್ನು ಗಾಳಿ ಎತ್ತಿಕೊಂಡು ಹೋಗಿ ಉಪ್ಪಿನ ಕೆಸರಿಗೆ ಹಾಕಿತು. ಅಲ್ಲಿಂದ ತೆಗೆಯಲು ಅವರಿಗೆ ಹೆಚ್ಚಿನ ಹೊಡೆತ ಬೇಕಾಯಿತು. ಆಗ ನಮ್ಮವರು ಏನೋ ಒಂದು ಹೊಡೆದರು. ಚಾಪೆಯಿಂದ ಚೆಂಡು ಎದ್ದು, ಗಾಳಿಯ ಕೆಳಗೆ ತಗ್ಗಿ ಹಾರಿ, ಬ್ರೌನಿನ ಮೇಲೆ ಹೋಗಿ ಕೂತಿತು. ಅಂಥ ಹೊಡೆತ ಅವರಿಂದ ಅದುವರೆಗೆ ನಾನು ನೋಡಿರಲಿಲ್ಲ. ಡೈರೆಕ್ಟರ್ "ಮಾಶಾ ಅಲ್ಲಾ" ಎಂದರು. ಬಾಯಲ್ಲಿ ಮಾತ್ರವಲ್ಲ, ಮುಖ ಅರಳಿತು.

ಡೈರೆಕ್ಟರ್ ತಮ್ಮದನ್ನು ಮುಗಿಸಿದರು. ಈಗ ಇವರ ಚೆಂಡು ಕುಳಿಯಿಂದ ಎಷ್ಟು ಹತ್ತಿರವಿತ್ತೆಂದರೆ ನನ್ನ ಅಜ್ಜಿ ಹಿಡಿಸೂಡಿಯಲ್ಲಿ ತಳ್ಳಿದ್ದರೂ ಬೀಳುತ್ತಿತ್ತು. ಒಂದರಲ್ಲಿ ಬಿದ್ದರೆ ಗೆಲುವು. ಎರಡು ಬೇಕಾದರೆ ಸಮ. ಮೂರಾದರೆ ಒಂದು ಹೊಡೆತದಲ್ಲಿ ಸೋಲು.

ಅವರು ಹಲಗೆ ಎಳೆದು ದಾರಿ ಸಮ ಮಾಡಿದರು. ಸಾಲದೆಂದು ಮತ್ತೊಮ್ಮೆ ಎಳೆದರು. ಟೋಪಿ ತೆಗೆದು ನನ್ನ ಕೈಗೆ ಕೊಟ್ಟರು. ಅದರ ಒಳಗೆಲ್ಲ ಬೆವರು. ಬಗ್ಗಿದರು. ಕೋಲು ಹಿಡಿದ ಕೈ ನಡುಗುತ್ತಿತ್ತು. ತಳ್ಳಿದರು. ಚೆಂಡು ಕುಳಿಯ ಅಂಚಿಗೆ ತಾಗಿ, ಒಳಗೆ ಇಣುಕಿ ನೋಡಿ, ಪಕ್ಕಕ್ಕೆ ಹೋಯಿತು. ಗೆಲುವು ಹೋಯಿತು. ಮತ್ತೆ ತಳ್ಳಿದರು. ಈ ಸಲ ಅಂಚಿಗೂ ತಾಗಲಿಲ್ಲ. ಮೂರನೆಯದು ಬಿತ್ತು.

ಡೈರೆಕ್ಟರ್ ನಿಧಾನಕ್ಕೆ ಚಪ್ಪಾಳೆ ತಟ್ಟಿದರು. "ಒಂದೇ ಹೊಡೆತ! ಇಷ್ಟು ಹತ್ತಿರದಿಂದಲೂ! ಯಾ ಅಮ್ಮ್, ನೀವು ನಿಜಕ್ಕೂ ಕಲಾವಿದರು."

"ಸರ್, ನಾನು ಪ್ರಯತ್ನ ಮಾಡಿದೆ. ಐ ಟ್ರೈಡ್, ಸರ್."

"ಎಲ್ಲರೂ ಹಾಗೇ ಹೇಳುತ್ತಾರೆ" ಎಂದರು ಡೈರೆಕ್ಟರ್, ಸಿಟ್ಟಿಲ್ಲದೆ. ಕೈಕುಲುಕಿದರು. ಜುಮಾಕ್ಕೆ ಹೊತ್ತಾಯಿತೆಂದು ಹೊರಟುಹೋದರು.

ದಾರಿಯ ಮಸೀದಿಯಲ್ಲಿ ನಾನು ಜುಮಾ ಮುಗಿಸಿ ಹೊರಗೆ ಬಂದಾಗ ಅವರು ಪಾರ್ಕಿಂಗಿನಲ್ಲಿ, ಬಿಸಿಲಲ್ಲಿ, ಕೋಲು ಹಿಡಿದು ನಿಂತಿದ್ದರು. ಡಾಮರಿನ ಮೇಲೆ ಚೆಂಡಿಟ್ಟು ಕಾರಿನ ಟೈರಿಗೆ ಗುರಿ ಹಿಡಿದು ತಳ್ಳುತ್ತಿದ್ದರು. ಪ್ರತಿ ಸಲವೂ ನೇರವಾಗಿ ಹೋಗಿ ಬಡಿಯುತ್ತಿತ್ತು. ನಮಾಜು ಮುಗಿಸಿ ಬಂದವರು ದಾರಿ ಬಿಟ್ಟು ಸುತ್ತಿ ಹೋಗುತ್ತಿದ್ದರು.

"ನೋಡು" ಎಂದರು.

ನೋಡಿದೆ. ಅದು ಅವರ ಪರವಾದ ಸಾಕ್ಷಿಯೋ ವಿರುದ್ಧವಾದ ಸಾಕ್ಷಿಯೋ ನನಗೆ ತಿಳಿಯಲಿಲ್ಲ.

"ಈ ಸಲ ನಾನು ನಿಜವಾಗಿ ಹೊಡೆದದ್ದು ಮಾರಾಯ. ನೀನಾದ್ರೂ ನಂಬ್ತೀಯಾ?"

"ನಂಬ್ತೇನೆ ಸರ್."

ಹೇಳಿದ ವೇಗ ಸ್ವಲ್ಪ ಹೆಚ್ಚಾಯಿತು ಎಂದು ನನಗೇ ಅನಿಸಿತು. ಇಷ್ಟು ವರ್ಷ ಸೋಲಿನ ವೇಷ ಹಾಕಿದ ಮನುಷ್ಯ ಒಂದು ದಿನ ವೇಷ ಕಳಚಿ ನಿಂತು ನಿಜವಾಗಿಯೇ ಸೋತರೆ ಅದು ಬೇರೆ ಸೋಲು ಎಂದು ಗುರುತಿಸುವುದು ಹೇಗೆ? ಕೈ ನಡುಗಿದ್ದು ನಾನು ನೋಡಿದ್ದೇನೆ. ಆದರೆ ಹಿಂದಿನ ಬಾಸುಗಳ ಎದುರೂ ನಡುಗಿತ್ತೇ? ಆಗ ನಾನು ಕೈ ನೋಡಿರಲಿಲ್ಲ, ಚೆಂಡು ನೋಡುತ್ತಿದ್ದೆ. ಹಾಗೆ ನೋಡಿದರೆ, ಆ ಮೊದಲಿನ ಸೋಲುಗಳೆಲ್ಲ ಬೇಕೆಂದೇ ಸೋತದ್ದು ಎನ್ನುವುದಕ್ಕೂ ಅವರ ಮಾತು ಬಿಟ್ಟು ಬೇರೆ ಆಧಾರವಿಲ್ಲ.

ಡೈರೆಕ್ಟರ್ ಸಹಿ ಹಾಕಲಿಲ್ಲ. ರಂಜಾನಿಗೆ ಮುಂಚೆ ನಮ್ಮವರು ಸಂಸಾರ ಸಮೇತ ಊರಿಗೆ ಹೊರಟರು. ಅವರ ಜಾಗಕ್ಕೆ ಬಂದವನು ತರುಣ, ಡೈರೆಕ್ಟರ್ ಅವನಿಗೂ ತಮ್ಮನ್ನು ಸೋಲಿಸಲು ಹೇಳಿದರು. ಪಾಪ, ಅವನು ಹೇಳಿದ್ದನ್ನು ಹಾಗೇ ಕೇಳಿ ಸರಿಯಾಗಿ ಸೋಲಿಸಿದ. ಈಗ ತಾಯಿಫ್‌ನಲ್ಲಿ ಒಂದು ಆಸ್ಪತ್ರೆ ಕಟ್ಟಡದ ಸಿಮೆಂಟು ಮೂಟೆ ಕಾಯುತ್ತಿದ್ದಾನೆ. ತಾಯಿಫ್ ಬೆಟ್ಟದ ಮೇಲಿನ ತಂಪು ಊರು, ಆದ್ದರಿಂದ ಅದನ್ನು ಶಿಕ್ಷೆ ಎಂದು ಯಾರೂ ಕರೆಯುವುದಿಲ್ಲ.

ಇದೆಲ್ಲ ಆಮೇಲಿನ ಮಾತು. ಆ ಶುಕ್ರವಾರ ನಾನು ಅವರ ಕೋಲುಗಳ ಚೀಲ ಹೊತ್ತು ಅವರ ಹಿಂದೆ ಮನೆಯವರೆಗೆ ಹೋದೆ. ಬಾಗಿಲು ತೆರೆದ ಹೆಂಡತಿ ಅವರ ಮುಖ ನೋಡಿ, "ಎಷ್ಟರಲ್ಲಿ?" ಎಂದು ಮಾತ್ರ ಕೇಳಿದರು.

"ಒಂದರಲ್ಲಿ. ಆದರೆ ಈ ಸಲ ನಾನು ಗೆಲ್ಲಲಿಕ್ಕೇ ಹೊಡೆದದ್ದು."

ಒಳಗೆ ಮೇಜಿನ ಮುಂದೆ ಫಿಸಿಕ್ಸ್ ಪುಸ್ತಕ ತೆರೆದು ಕೂತಿದ್ದ ಮಗಳು ತಲೆಯೆತ್ತಿದಳು. ಅಪ್ಪನನ್ನು ಕೇಳಲಿಲ್ಲ, ನನ್ನನ್ನು ಕೇಳಿದಳು. ನನ್ನ ಮುಂದೆ ಅವಳು ಕನ್ನಡ ಮಾತಾಡಿದ್ದು ಅದೊಂದೇ ಸಲ. "ಅಂಕಲ್, ಡ್ಯಾಡ ನಿಜವಾಗ್ಲೂ ಟ್ರೈ ಮಾಡಿದ್ರಾ?"

"ಹೌದಮ್ಮಾ. ನಾನು ಪಕ್ಕದಲ್ಲೇ ನಿಂತಿದ್ದೆ. ಕಣ್ಣಾರೆ ನೋಡಿದ್ದೇನೆ."

ಅವರ ಹೆಂಡತಿ ನನ್ನನ್ನು ನೋಡಿದರು. ಆಮೇಲೆ ಗಂಡನನ್ನು ನೋಡಿದರು.

"ಆಫೀಸಿನಲ್ಲಿ ಇವನ ವರ್ಷದ ರಿಪೋರ್ಟಿಗೆ ಸಹಿ ಹಾಕುವುದು ಯಾರು?" ಎಂದು ಕೇಳಿದರು. "ನೀವೇ ಅಲ್ವಾ?"

ಅವರು ಬಗ್ಗಿ ಕಾಲುಚೀಲ ಬಿಚ್ಚತೊಡಗಿದರು. ಮಗಳು ಪುಸ್ತಕ ಮುಚ್ಚಿದಳು.